ಕೂತು ಆಡುವ ಆಟವೆಂದು ಹಗುರವಾಗಿ ಮಾತಾಡಬೇಡಿ

ಕಳೆದ ತಿಂಗಳು ಅಕ್ಕನ ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಜಮಖಂಡಿಗೆ ಬಂದ. ಹಿಂದಿನ ದಿನ ಅಲ್ಲಿನ ಟ್ರ್ಯಾಕಿನಲ್ಲಿ ಹದಿನೈದು ನಿಮಿಷದಂತೆ ನಾಲ್ಕು ಸಲ ಗೋ-ಕಾರ್ಟ್ ಎಂಬ ಪುಟ್ಟ ರೇಸ್ ಗಾಡಿ ಓಡಿಸಿದ್ದ. ಊಟಕ್ಕೆ ಕುಳಿತರೆ ಬಿಸಿ ರೊಟ್ಟಿ ಮುರಿಯಲು ಬೆರಳು ಬಗ್ಗಲಿಲ್ಲ. ಅಂಗಿ ಎತ್ತಿ ತೋರಿಸಿದ. ಸೀಟಿನ ಅಂಚು ಒತ್ತಿ ಪಕ್ಕೆಲುಬಿನ ಮೇಲೆ ಚರ್ಮ ಕಪ್ಪಿಟ್ಟಿತ್ತು. ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸುತ್ತಿದ್ದ.

"ಸ್ಟೀರಿಂಗ್ ಹಿಡಿದು ಕೂತಿದ್ದಕ್ಕೆ ಇಷ್ಟು ನೋವಾದರೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವರು ಏನು ಹೇಳಬೇಕು?" ಎಂದರು ಭಾವ. ಹುಡುಗ ತಲೆ ತಗ್ಗಿಸಿದ. ನನಗೆ ಸಿಟ್ಟು ಬಂತು.

ಕಾರ್ಟಿಗೆ ಪವರ್ ಸ್ಟೀರಿಂಗ್ ಇಲ್ಲ, ಕುಲುಕು ತಡೆಯುವ ಸಸ್ಪೆನ್ಷನ್ ಇಲ್ಲ. ಪ್ರತಿ ಕುಲುಕೂ ನೇರವಾಗಿ ಮುಂಗೈಗೆ, ಬೆನ್ನಿಗೆ. ಕಾರ್ ರೇಸಿನ ಅತಿ ದೊಡ್ಡ ಮಟ್ಟವಾದ ಫಾರ್ಮುಲಾ ಒನ್ ಮಾತಂತೂ ಬೇರೆಯೇ. ಅಲ್ಲಿ ತಲೆ ಮತ್ತು ಹೆಲ್ಮೆಟ್ ಸೇರಿ ಆರೂವರೆ ಕಿಲೋ ಆಸುಪಾಸು. ವೇಗದ ತಿರುವಿನಲ್ಲಿ ಗುರುತ್ವದ ಐದು ಪಟ್ಟು ಬಲ ಪಕ್ಕಕ್ಕೆ ಎಳೆದರೆ ಆ ಕುತ್ತಿಗೆ ಮೂವತ್ತು ಕಿಲೋಗೂ ಹೆಚ್ಚು ಭಾರ ತಡೆಯಬೇಕು, ಅಂದರೆ ಅರ್ಧ ಚೀಲ ಸಿಮೆಂಟಿಗಿಂತ ಜಾಸ್ತಿ. ಒಂದು ಸಲವಲ್ಲ, ಒಂದೂವರೆ ಗಂಟೆ ಹೊತ್ತು ಪ್ರತಿ ಸುತ್ತಿನಲ್ಲಿಯೂ. ಬ್ರೇಕ್ ತುಳಿಯಲು ನೂರು ಕಿಲೋಗೂ ಮೀರಿದ ಒತ್ತಡ ಬೇಕು. ಎದೆಬಡಿತ ನಿಮಿಷಕ್ಕೆ 160, 170.

ಇನ್ನು ಸೆಕೆ. 2023ರ ಅಕ್ಟೋಬರಿನ ಕತಾರ್ ಫಾರ್ಮುಲಾ ಒನ್ ರೇಸನ್ನು ನಾನು ಮರೆಯಲಾರೆ. ಚಾಲಕ ಎಸ್ಟೆಬಾನ್ ಒಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡು ರೇಸ್ ಮುಗಿಸಿದ. ಇನ್ನೊಬ್ಬ ಚಾಲಕ ಲೋಗನ್ ಸಾರ್ಜೆಂಟ್ ಆಗದೆ ನಡುವೆಯೇ ಕಾರು ನಿಲ್ಲಿಸಿದ. ಜಗತ್ತಿನಲ್ಲಿ ಅತ್ಯುತ್ತಮ ತರಬೇತಿ ಪಡೆದವರ ಗತಿಯೇ ಇದಾದರೆ ನಮ್ಮ ಹುಡುಗರ ಪಾಡೇನು? ಮನೆಯವರು ಸಾಲ ಮಾಡಿಯಾದರೂ ಟೈರಿಗೆ, ಎಂಜಿನ್ನಿಗೆ ದುಡ್ಡು ಹಾಕುತ್ತಾರೆ. ಗಾಡಿಯೊಳಗೆ ಕೂರುವ ದೇಹವನ್ನು ಯಾರೂ ಕೇಳುವುದಿಲ್ಲ.

ಅಕ್ಕನ ಮಗ ಜಿಮ್ಮಿಗೆ ಹೋಗುತ್ತಿದ್ದ ನಿಜ. ಅಲ್ಲಿ ಆರು ತಿಂಗಳು ತೋಳು ಮತ್ತು ಎದೆ ಮಾತ್ರ ಉಬ್ಬಿಸಿದರು. ರೇಸಿಗೆ ಅದು ಬೇಡವಾದ ತೂಕ. ಫಾರ್ಮುಲಾ ಒನ್‌ನಲ್ಲಿ ಚಾಲಕರು ಕಾರು ಹಗುರವಾಗಲೆಂದು ಹೊಟ್ಟೆ ಕಟ್ಟಿ ಬಡಕಲಾಗುತ್ತಿದ್ದರು. ಅದನ್ನು ತಡೆಯಲೆಂದೇ 2019ರಲ್ಲಿ ಚಾಲಕ ಮತ್ತು ಸೀಟು ಸೇರಿ ಕನಿಷ್ಠ 80 ಕಿಲೋ ಇರಬೇಕೆಂಬ ನಿಯಮ ತಂದರು. ರೇಸಿಗೆ ಬೇಕಾಗಿರುವುದು ಕುತ್ತಿಗೆ, ಸೊಂಟ, ಮುಂಗೈ, ದಮ್ಮು.

ದಮ್ಮಿಗೆ ಸೈಕಲ್ಲಿಗಿಂತ ಒಳ್ಳೆಯ ದಾರಿಯಿಲ್ಲ. ಫಾರ್ಮುಲಾ ಒನ್ ಚಾಲಕ ವಾಲ್ಟೆರಿ ಬೊಟ್ಟಾಸ್ ಸೈಕಲ್ ರೇಸುಗಳಲ್ಲಿಯೇ ಸ್ಪರ್ಧಿಸುತ್ತಾನೆ. ರಾಷ್ಟ್ರಮಟ್ಟದ ಸೈಕ್ಲಿಸ್ಟುಗಳನ್ನು ಬೆಳೆಸಿದ ವಿಜಯಪುರ, ಬಾಗಲಕೋಟೆಯ ನಾವು ಇದನ್ನು ಬೇರೆಯವರಿಂದ ಕಲಿಯಬೇಕೇ?

ಕುತ್ತಿಗೆಯ ವಿಷಯಕ್ಕೆ ನನ್ನ ಮನಸ್ಸು ಗರಡಿಗೇ ಹೋಗುತ್ತದೆ. ಚಿಕ್ಕವನಿದ್ದಾಗ ಆ ಕೆಂಪು ಮಣ್ಣಿನಲ್ಲಿ ಬಿದ್ದು ಎದ್ದವನು ನಾನು. ನಮ್ಮ ವಸ್ತಾದರು ಕೊರಳಿಗೆ ಕಲ್ಲಿನ ಬಳೆ ಹಾಕಿಕೊಂಡು ಬಸ್ಕಿ ಹೊಡೆಯುತ್ತಿದ್ದರು. ಕಿವಿಯಿಂದ ಭುಜದವರೆಗೆ ಒಂದೇ ಹಗ್ಗ ಹೊಸೆದಂತಿತ್ತು ಅವರ ಕುತ್ತಿಗೆ. ಆದರೂ ಗರಡಿಯ ಕಸರತ್ತನ್ನು ಹಾಗೆಯೇ ಎತ್ತಿ ತಂದರೆ ಸಾಲದು. ಪೈಲ್ವಾನನ ಕುತ್ತಿಗೆ ಒತ್ತುವುದಕ್ಕೆ, ಒದಗಿದ ಭಾರ ಎತ್ತುವುದಕ್ಕೆ ಪಳಗಿರುತ್ತದೆ. ಚಾಲಕನದು ಪಕ್ಕದ ಎಳೆತಕ್ಕೆ ಅಲುಗದೆ ನಿಲ್ಲಬೇಕು. ತಲೆಯನ್ನು ನೆಲಕ್ಕೂರಿ ಮೈ ಬಾಗಿಸುವ ಕಸರತ್ತನ್ನು ವಸ್ತಾದರಿಲ್ಲದೆ ಮಾಡಿದರೆ ಕುತ್ತಿಗೆಯ ಮೂಳೆಗೇ ಅಪಾಯ.

ಈಗ ದಿನಾ ಸಂಜೆ ಹುಡುಗನಿಗೆ ಹೆಲ್ಮೆಟ್ ಹಾಕಿಸಿ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕೂರಿಸುತ್ತೇನೆ. ಹೆಲ್ಮೆಟ್ಟಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ಪಕ್ಕಕ್ಕೆ ಮೆಲ್ಲಗೆ ಎಳೆದು ಹಿಡಿಯುತ್ತೇನೆ. ತಲೆ ಕಂಬದಂತೆ ನೆಟ್ಟಗಿರಬೇಕು, ಅಷ್ಟೇ. ಜಗ್ಗಾಟವಿಲ್ಲ. ಎರಡೂ ಬದಿಗೆ ಮಾಡಿಸಲೇಬೇಕು. ಹೆಚ್ಚಿನ ಟ್ರ್ಯಾಕುಗಳು ಪ್ರದಕ್ಷಿಣೆಯ ದಿಕ್ಕಿನವು, ಕುತ್ತಿಗೆಯ ಒಂದೇ ಬದಿ ಹೆಚ್ಚು ದುಡಿಯುತ್ತದೆ. ಬ್ರೆಜಿಲ್‌ನ ಇಂಟರ್‌ಲಾಗೋಸ್ ಟ್ರ್ಯಾಕು ಅಪ್ರದಕ್ಷಿಣೆಯದು, ಅಲ್ಲಿ ಗಟ್ಟಿಗರ ಕುತ್ತಿಗೆಯೂ ಸೋಲುತ್ತದೆ. ಬಿಸಿಲಿಗೆ ಒಗ್ಗಿಸುವ ಕೆಲಸವನ್ನು ಮಾತ್ರ ಅವಸರಿಸುತ್ತಿಲ್ಲ. ಹತ್ತು ಹದಿನೈದು ದಿನ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತೇನೆ, ಜೊತೆಗೆ ನೀರು, ಉಪ್ಪು ಹಾಕಿದ ಮಜ್ಜಿಗೆ.

ನಿನ್ನೆ ಟ್ಯೂಬ್ ಎಡಕ್ಕೆ ಎಳೆದಾಗ ನಲವತ್ತು ಸೆಕೆಂಡ್ ತಡೆದ. ಬಲಕ್ಕೆ ಎಳೆದಾಗ ಇಪ್ಪತ್ತೈದಕ್ಕೇ ತಲೆ ವಾಲಿತು. "ಮಾಮಾ, ಇನ್ನೊಂದು ಸಲ" ಎಂದ. ಬೇಡವೆಂದು ಟ್ಯೂಬ್ ಬಿಚ್ಚಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾವ ಒಳಗೆ ಬಂದು, ಆ ಹೆಲ್ಮೆಟ್ಟನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದರು.