ಜಕಣಾಚಾರಿ ಒಬ್ಬನೇ ಸಾಕಾ ನಮಗೆ?

ಬೇಲೂರಿಗೆ ಹೋಗಿದ್ದೆ. ತಲೆ ಕೆಟ್ಟು ಬಂದಿದ್ದೇನೆ, ಅದಕ್ಕೇ ಈ ಉದ್ದ ಪೋಸ್ಟ್.

ಅಲ್ಲೊಬ್ಬ ಗೈಡ್, ಮಾತಿನ ಮಲ್ಲ. ಸುತ್ತ ಇಪ್ಪತ್ತು ಮೂವತ್ತು ಜನ. ಈ ಗುಡಿ ಕಟ್ಟಿದ ಅಂತ ದಂತಕಥೆ ಹೇಳುವ ಶಿಲ್ಪಿ ಜಕಣಾಚಾರಿ, ಅವನ ಮಗ ಡಂಕಣ, ಮಗ ತೋರಿಸಿಕೊಟ್ಟ ಕಲ್ಲಿನ ಹೊಟ್ಟೆಯ ಕಪ್ಪೆ, ಅದಕ್ಕೆ ಅಪ್ಪ ಕತ್ತರಿಸಿಕೊಂಡ ಕೈ, ಎಲ್ಲಾ ಅಭಿನಯ ಸಮೇತ ಹೇಳಿದ. ಚಪ್ಪಾಳೆಯೂ ಬಿತ್ತು. ಜನ ತಲೆ ಎತ್ತಿ ಮದನಿಕೆಯರ, ಅಂದರೆ ಮೇಲಿರುವ ಶಿಲಾಬಾಲಿಕೆಯರ ಫೋಟೋ ತೆಗೆದುಕೊಂಡರು. ಆ ಮದನಿಕೆಯರ ಪೀಠದಲ್ಲೇ ಕೆತ್ತಿದವರ ಹೆಸರಿದೆ ಅಂತ ಅವನ ಬಾಯಿಂದ ಒಂದು ಮಾತೂ ಬರಲಿಲ್ಲ.

ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಶಿಕಾರಿಪುರದ ಕಡೆಯಿಂದ, ಅಂದರೆ ಕಲ್ಯಾಣದ ಚಾಲುಕ್ಯರ ಸೀಮೆಯಲ್ಲಿ ಪಳಗಿದ ಕೈಗಳು ಹೊಯ್ಸಳ ದೊರೆ ವಿಷ್ಣುವರ್ಧನನ ಈ ಗುಡಿಗೆ ಬಂದು ದುಡಿದವು. ಗದಗಿನ ಕಡೆಯಿಂದಲೂ ಬಂದಿದ್ದರು. ಹೊಯ್ಸಳ ಶೈಲಿ ಅಂತ ನಾವು ಎದೆ ಉಬ್ಬಿಸುತ್ತೇವಲ್ಲ, ಅದು ಹುಟ್ಟಿದ್ದು ಹೀಗೆ ಊರೂರಿನ ಕಸುಬುದಾರರು ಒಂದೆಡೆ ಸೇರಿದ್ದರಿಂದ. ಕೆಲವರಂತೂ ತಮ್ಮ ಬಿರುದು, ಎದುರಾಳಿ ಶಿಲ್ಪಿಗಳಿಗೆ ಸವಾಲು ಎಲ್ಲವನ್ನೂ ಕಲ್ಲಲ್ಲೇ ಕೊರೆದಿದ್ದಾರೆ. ಎಂಥ ಜಂಬ! ನನಗಂತೂ ಅದೇ ಇಷ್ಟ.

ಲೆಕ್ಕವಾದರೂ ಹಾಕಿ ಮಾರಾಯ್ರೆ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಸೋಮನಾಥಪುರದ ಗುಡಿ ಎದ್ದದ್ದು ಅದಾಗಿ ಸುಮಾರು 140 ವರ್ಷಕ್ಕೆ. ಎರಡನ್ನೂ ಜಕಣಾಚಾರಿಯೇ ಕಟ್ಟಿದ ಅಂತ ನಂಬುವವರಿದ್ದಾರೆ. ಏನು ತಿನ್ನುತ್ತಿದ್ದನೋ ಪುಣ್ಯಾತ್ಮ!

ಸೋಮನಾಥಪುರದಲ್ಲಿ ನಿಜವಾಗಿ ದುಡಿದವರಲ್ಲಿ ಒಬ್ಬ ರೂವಾರಿ (ಅಂದರೆ ಶಿಲ್ಪಿ) ಮಲ್ಲಿತಮ್ಮ. ಅಮೃತಾಪುರ, ನುಗ್ಗೇಹಳ್ಳಿಯಲ್ಲೂ ಅವನ ಕೈಚಳಕ ಇದೆ. ಹೆಚ್ಚುಕಡಿಮೆ 60 ವರ್ಷ ಉಳಿ ಹಿಡಿದ ಆಸಾಮಿ. ಒಂದೊಂದು ಕಡೆ ಪೂರ್ತಿ ಹೆಸರು ಬರೆಯೋಕೂ ಪುರುಸೊತ್ತಿಲ್ಲದೆ 'ಮಲ್ಲಿ' ಅಂತಲೋ, ಬರೀ 'ಮ' ಅಂತಲೋ ಕೆತ್ತಿ ಮುಂದಿನ ಕಲ್ಲಿಗೆ ಹೋಗಿದ್ದಾನೆ. ಬೇಲೂರಿನ ಮದನಿಕೆಯರು ಎತ್ತರದಲ್ಲಿದ್ದಾರೆ, ಅಕ್ಷರ ಕಾಣಲ್ಲ ಅನ್ನಬಹುದು. ಇಲ್ಲಿ ಗೋಡೆಯ ಮೂರ್ತಿಗಳ ಬುಡದಲ್ಲೇ ಇದೆ, ಬಗ್ಗಿದರೆ ಸಾಕು.

'ದಂತಕಥೆಯೂ ನಮ್ಮ ಸಂಸ್ಕೃತಿ ಅಲ್ವಾ, ಕಥೆ ಇಲ್ಲದೆ ಜನ ಗುಡಿ ನೋಡ್ತಾರಾ' ಅಂತ ಜೊತೆಗಿದ್ದ ಗೆಳೆಯ ವಾದ ಮಾಡಿದ. ಸರಿಯಪ್ಪ, ಕಥೆ ಹೇಳಲಿ, ಯಾರು ಬೇಡ ಅಂದರು? ಆದರೆ ಊರು ಬಿಟ್ಟು ಬಂದು ಅಪ್ಪ-ಮಗ ಒಂದೇ ಗುಡಿಗೆ ಕೆತ್ತಿದ್ದು ಕಥೆಯಲ್ಲವಾ? ಅದರಲ್ಲಿ ಕಪ್ಪೆ ಇಲ್ಲ, ಅಷ್ಟೇ ತಾನೇ ಕೊರತೆ! ಜಕಣಾಚಾರಿಯ ಹೆಸರಲ್ಲಿ ಸರ್ಕಾರದ ಪ್ರಶಸ್ತಿ ಇದೆ, ಜನವರಿ 1ಕ್ಕೆ ಸಂಸ್ಮರಣಾ ದಿನ ಇದೆ. ಇರಲಿ, ಹೊಟ್ಟೆಕಿಚ್ಚಿಲ್ಲ. ದಾಸೋಜನ ಹೆಸರಲ್ಲಿ ಒಂದು ಸರ್ಕಲ್ ಕೂಡ ನಾನು ಕಂಡಿಲ್ಲ.

ನನಗ್ಯಾಕೆ ಇಷ್ಟು ಉರಿ ಅಂತ ಹಳೆಯ ಗೆಳೆಯರಿಗೆ ಗೊತ್ತು. ನಮ್ಮಪ್ಪ ಬಡಗಿ. ಊರ ತೇರಿಗೆ ಗಾಲಿ ಕೂರಿಸಿದವರು ಅವರು. ಗುಡಿ ಬಾಗಿಲಲ್ಲಿ ಫಲಕ ಹಾಕಿದ್ದಾರೆ, ದುಡ್ಡು ಕೊಟ್ಟವರ ಹೆಸರು ಸಾಲಾಗಿದೆ, ಅಪ್ಪನ ಹೆಸರಿಲ್ಲ. ಅಪ್ಪ ಅದರ ಬಗ್ಗೆ ಒಂದು ದಿನವೂ ಮಾತಾಡಿದವರಲ್ಲ, ಅವರ ಪಾಲಿನದೂ ಸೇರಿಸಿ ನಾನೇ ಕೂಗಾಡುತ್ತೇನೆ.

ಹೊಯ್ಸಳರ ಗುಡಿಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗ ಎಲ್ಲರ ಸ್ಟೇಟಸ್‌ನಲ್ಲೂ ಹೆಮ್ಮೆ ತುಂಬಿ ತುಳುಕಿತ್ತು. ಅವರಲ್ಲಿ ಎಷ್ಟು ಜನ ಮಲ್ಲಿತಮ್ಮನ ಹೆಸರು ಕೇಳಿದ್ದರೋ!

ಇನ್ನು, ಮದನಿಕೆಗೆ ಶಾಂತಲೆಯೇ ಮಾಡೆಲ್ ಅಂತ ಅದೇ ಗೈಡ್ ಹೇಳಿದ್ದಕ್ಕೆ ನಾನಿಲ್ಲಿ ಕೈ ಹಾಕಲ್ಲ. ಅದಕ್ಕೆ ಬೇರೆ ಪೋಸ್ಟೇ ಬೇಕು.