ಐದು ಮೊಳದ ಕಂಬಳಿ

ದಾವಣಗೆರೆಯಲ್ಲಿ ಹುಟ್ಟಿ ಬೆಳೆದು, ಹದಿನಾಲ್ಕು ವರ್ಷಗಳಿಂದ ಅಹಮದಾಬಾದಿನಲ್ಲಿ ನೆಲೆಸಿರುವ ನಾನು ಉಣ್ಣೆಯ ಹೊದಿಕೆಯನ್ನು ಹೇಳಿ ನೇಯಿಸಿಕೊಂಡದ್ದು ಎರಡು ಸಲ. ಒಮ್ಮೆ ಗುಜರಾತಿನ ಕಛ್‌ನಲ್ಲಿ, ಭುಜ್ ಪಟ್ಟಣದ ಹತ್ತಿರದ ಭುಜೋಡಿಯಲ್ಲಿ ಹೆಂಡತಿಗೆ ಶಾಲು. ಇನ್ನೊಮ್ಮೆ ರಜೆಗೆ ಬಂದಾಗ ಚಳ್ಳಕೆರೆ ಕಡೆಯ ಹಳ್ಳಿಯೊಂದರಲ್ಲಿ ಅಪ್ಪನಿಗೆ ಕಂಬಳಿ. ಎರಡೂ ಕಡೆ ನೆಲದ ಗುಂಡಿಯಲ್ಲಿ ಕಾಲಿಳಿಸಿ ಕೂತು ನೇಯುವ ಗುಂಡಿಮಗ್ಗವೇ, ಎರಡೂ ಕಡೆ ಕುರಿ ಕಾಯುವವರ ಹೊದಿಕೆಯಿಂದ ಬೆಳೆದ ಕಸುಬೇ. ಆದರೆ ಗಿರಾಕಿಯಿಂದ ಕೆಲಸ ಒಪ್ಪಿಕೊಳ್ಳುವ ರೀತಿ ಮಾತ್ರ ಪೂರ್ತಿ ಬೇರೆ.

ಭುಜೋಡಿಯ ನೇಕಾರರು ಚಹಾ ಕೊಟ್ಟು, ನಮೂನೆಗಳನ್ನು ಹರಡಿ ತೋರಿಸಿದ ಮೇಲೆ ಪುಸ್ತಕ ತೆಗೆದರು. ಉದ್ದ, ಅಗಲ, ಅಂಚಿನ ಬಣ್ಣ, ಒಟ್ಟು ಬೆಲೆ, ಮುಂಗಡ, ಕೊಡುವ ದಿನ, ಎಲ್ಲವನ್ನೂ ಬರೆದು ನಕಲು ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಕಛ್‌ನಲ್ಲಿ 2005ರಲ್ಲಿ ಆರಂಭವಾದ ಕಲಾ ರಕ್ಷಾ ವಿದ್ಯಾಲಯದಂಥ ಕಡೆ ಕುಶಲಕರ್ಮಿಗಳೇ ವಿನ್ಯಾಸವನ್ನೂ ವ್ಯಾಪಾರವನ್ನೂ ಕಲಿತದ್ದರ ಫಲ ಇದರಲ್ಲಿದೆ ಎಂಬುದು ನನ್ನ ಎಣಿಕೆ. ಅಲ್ಲದೆ ಅಲ್ಲಿ ಈಗ ಮೆರಿನೋ ಕುರಿಯ ನಯವಾದ ಉಣ್ಣೆಯ ನೂಲು ಸಿದ್ಧವಾಗಿಯೇ ದೊರೆಯುವುದರಿಂದ ದಿನ ಗೊತ್ತುಮಾಡುವುದು ಸುಲಭ.

ಚಳ್ಳಕೆರೆ ಕಡೆ ಹಾಗಲ್ಲ. ಊರಿನ ಕುರಿಗಳ ಉಣ್ಣೆ ಕತ್ತರಿಸಬೇಕು, ಹಿಂಜಬೇಕು, ಮನೆಯ ಹೆಂಗಸರು ಕೂತು ನೂಲಬೇಕು. ಆಮೇಲೆ ಹಾಸನ್ನು, ಅಂದರೆ ನೇಯ್ಗೆಯ ಉದ್ದದ ಎಳೆಗಳನ್ನು, ಬಯಲಿನಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜವನ್ನು ಅರೆದು ಕಾಯಿಸಿದ ಗಂಜಿಯನ್ನು ದಪ್ಪ ಕುಂಚದಿಂದ ಸವರಬೇಕು. ಗಂಜಿ ಕುಡಿದು ಒಣಗಿದ ಎಳೆ ತಂತಿಯ ಹಾಗೆ ಬಿಗಿಯಾಗುತ್ತದೆ. ಹಾಗೆ ಆಗದಿದ್ದರೆ ಒರಟು ಉಣ್ಣೆಯ ಎಳೆಗಳು ಒಂದಕ್ಕೊಂದು ತೊಡರಿಕೊಂಡು ಮಗ್ಗದಲ್ಲಿ ತುಂಡಾಗುತ್ತವೆ. ನಾನು ದಿನ ಕೇಳಿದಾಗ ಆ ನೇಕಾರರು ಆಕಾಶ ನೋಡಿ, “ಬಿಸ್ಲು ಬರ್ಲಿ ಸ್ವಾಮಿ, ಗಂಜಿ ಒಣಗ್ಬೇಕಲ್ಲ” ಎಂದರು. ಆಗ ನನಗೆ ಅದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸಿತ್ತು. ಹಾಸಿನ ಪಕ್ಕದಲ್ಲಿ ಒಂದು ಬೆಳಗ್ಗೆ ನಿಂತ ಮೇಲೆ, ಅದಕ್ಕಿಂತ ನೇರವಾದ ಉತ್ತರ ಇರಲು ಸಾಧ್ಯವಿರಲಿಲ್ಲ ಎಂದು ತಿಳಿಯಿತು.

ಎಡವಟ್ಟಾದದ್ದು ಅಳತೆಯಲ್ಲಿ. ಅಪ್ಪನ ಹಾಸಿಗೆಯನ್ನು ನನ್ನ ಕೈಯಿಂದ ಅಳೆದು “ಐದು ಮೊಳ” ಎಂದು ಹೇಳಿದ್ದೆ. ನೇಕಾರರು ತಮ್ಮ ಕೈಯ ಐದು ಮೊಳ ನೇಯ್ದರು. ಬಿಗಿಯಾದ, ಬಣ್ಣ ಹಾಕದ ಕರಿ ಉಣ್ಣೆಯ ಆ ಕಂಬಳಿ ಒಂದು ಗೇಣು ಸಾಲದೆ ಬಂತು. ತಪ್ಪು ಅವರದೂ ಅಲ್ಲ, ಪೂರ್ತಿ ನನ್ನದೂ ಅಲ್ಲ, ಬರೆದಿಡದ ಮಾತಿನದು. ಅಳತೆಯನ್ನು ಬರೆದುಕೊಳ್ಳುವುದೆಂದರೆ ಅಪನಂಬಿಕೆ ಎಂಬ ಸಂಕೋಚ ನಮ್ಮ ಕಡೆ ಇಬ್ಬರಲ್ಲೂ ಇದೆ. ಅದು ಹೋಗಬೇಕು. ಈ ಒಂದು ವಿಷಯದಲ್ಲಿ ಭುಜೋಡಿಯ ಪದ್ಧತಿಯೇ ಸರಿ ಎಂದು ನಾನು ನಂಬಿದ್ದೇನೆ.

ಮುಂಗಡದ ಮಾತು ಇದಕ್ಕಿಂತ ನೋವಿನದು. ಕಂಬಳಿಯ ನೇಕಾರರು ಕೇಳಲಿಲ್ಲ, ನಾನು ಕೊಡಲಿಲ್ಲ. ಉಣ್ಣೆ ಕೊಳ್ಳಲು ಅವರು ಸಾಲ ತಂದಿದ್ದರೆಂಬುದು ಕಂಬಳಿ ಪಡೆಯುವ ದಿನ, ಅವರ ಮನೆಯವರ ಮಾತಿನ ನಡುವೆ ತಿಳಿಯಿತು. ಅದೇ ಹೊತ್ತಿಗೆ ಜೊತೆಗಿದ್ದ ನಮ್ಮ ಭಾವ, ಸಂತೆಯಲ್ಲಿ ಪಾಣಿಪತ್‌ನ ಮಿಲ್ ಕಂಬಳಿ ಇದರ ಕಾಲುಭಾಗಕ್ಕೆ ಸಿಗುತ್ತದೆ ಎಂದು ಚೌಕಾಸಿಗೆ ಇಳಿದರು. ಹೇಳಿ ಮಾಡಿಸಿದ ವಸ್ತುವಿಗೆ, ಅದು ಮುಗಿದು ಕೈಗೆ ಬಂದ ಮೇಲೆ ಬೆಲೆ ಇಳಿಸಲು ಕೂರುವುದು ಅನ್ಯಾಯ. ನಮ್ಮ ಅಳತೆಗೆ ನೇಯ್ದದ್ದನ್ನು ಆ ಮನುಷ್ಯ ಇನ್ನಾರಿಗೆ ಮಾರಬೇಕು? ಒಪ್ಪಿದ ಹಣವನ್ನು ಕೊಟ್ಟೆ, ಆದರೆ ಆ ಮಾತು ಅವರ ಕಿವಿಗೆ ಬೀಳದಂತೆ ತಡೆಯಲಾಗಲಿಲ್ಲ.

ಭುಜೋಡಿಯಲ್ಲಿ ನನಗೆ ಸಿಗದೆ ಇಲ್ಲಿ ಸಿಕ್ಕದ್ದೂ ಇದೆ. ಅಲ್ಲಿ ಮೊದಲ ಪ್ರಶ್ನೆ ಯಾವ ಬಣ್ಣ ಎಂಬುದಾಗಿತ್ತು. ಇಲ್ಲಿ ಯಾರಿಗೆ ಎಂಬುದು. ಅಪ್ಪನಿಗೆ, ಮಂಡಿನೋವಿದೆ ಎಂದಾಗ ನೂಲುವ ಕದಿರು ಹಿಡಿದು ಕೂತಿದ್ದ ಅಜ್ಜಿ, “ಹಂಗಾದ್ರೆ ಹೊಕ್ಕು ವಸಿ ದಪ್ಪ ಇರ್ಲಿ, ಬೆಚ್ಚಗಿರ್ತೈತೆ” ಎಂದು ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ನೂಲನ್ನೇ ಬೇರೆ ಆರಿಸಿದರು. ಅಪ್ಪ ಈಗ ಆ ಕಂಬಳಿಯನ್ನು ಹಾಸುವುದಿಲ್ಲ, ಮಂಡಿಯ ಮೇಲೆ ಎರಡು ಮಡಿಕೆ ಹೊದ್ದುಕೊಳ್ಳುತ್ತಾರೆ.

ಹಾಸಲು ಇನ್ನೊಂದನ್ನು ಅದೇ ಮನೆಯಲ್ಲಿ ಹೇಳಿದ್ದೇನೆ. ಈ ಸಲ ಹಾಸಿಗೆಯ ಉದ್ದಕ್ಕೆ ಒಂದು ದಾರ, ಅಗಲಕ್ಕೆ ಒಂದು ದಾರ ಕತ್ತರಿಸಿ ಕೊಟ್ಟು, ಬೆಲೆಯನ್ನು ಚೀಟಿಯಲ್ಲಿ ಬರೆದು, ಉಣ್ಣೆಯ ಪೂರ್ತಿ ಹಣವನ್ನು ಮುಂಗಡವಾಗಿ ಕೊಟ್ಟಿದ್ದೇನೆ. ದಿನದ ಜಾಗದಲ್ಲಿ, ಅವರು ಹೇಳಿದಂತೆಯೇ, ಮಳೆ ನಿಂತ ಮೇಲೆ ಎಂದು ಬರೆದಿದ್ದೇನೆ.