ಎಲ್ಲ ಸೆಷನ್‌ಗೂ ಒಂದೇ ಮಿತಿ ಬೇಡ

ಡೇಟಾಬೇಸ್‌ನಲ್ಲಿ ತುಂಬ ಹೊತ್ತು ಓಡುವ ಕ್ವೆರಿಗಳಿಗೆ ಕಡಿವಾಣ ಹಾಕುವ ಬಗ್ಗೆ ಒಂದು ಲೇಖನ ಓದಿದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಕಾನ್ಫಿಗ್ ಫೈಲಿನಲ್ಲೇ ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಕ್ವೆರಿ ಎಷ್ಟು ಹೊತ್ತು ಓಡಬಹುದು ಎಂಬ ಮಿತಿ) 30 ಸೆಕೆಂಡ್ ಅಂತ ಬರೆದುಬಿಡಿ ಎಂಬ ಅದರ ಲೇಖಕರ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಬರೆದರೆ ಅದು ಎಲ್ಲ ಸೆಷನ್‌ಗೂ, ಅಂದರೆ ಡೇಟಾಬೇಸ್‌ಗೆ ಬರುವ ಪ್ರತಿ ಕನೆಕ್ಷನ್‌ಗೂ, ತಗಲುತ್ತದೆ. ರಾತ್ರಿ ಓಡುವ ರಿಪೋರ್ಟು, ದೊಡ್ಡ ಟೇಬಲ್ಲಿಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಕಟ್ಟುವ ಕೆಲಸ ಎಲ್ಲ ಅರ್ಧಕ್ಕೇ ಕಡಿದುಹೋಗುತ್ತವೆ. (ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಮಾತ್ರ ಜಾಣ, ತನ್ನ ಸೆಷನ್‌ನಲ್ಲಿ ಮಿತಿಯನ್ನು ತಾನೇ 0 ಮಾಡಿಕೊಳ್ಳುತ್ತದೆ, ಅಂದರೆ ಮಿತಿಯೇ ಇಲ್ಲ.) ಅದರ ಬದಲು ಆಲ್ಟರ್ ರೋಲ್ ಕಮಾಂಡ್ ಬಳಸಿ ವೆಬ್ ಆ್ಯಪ್‌ನ ಯೂಸರ್‌ಗೆ 5 ಸೆಕೆಂಡ್, ರಿಪೋರ್ಟ್ ಯೂಸರ್‌ಗೆ 10 ನಿಮಿಷ ಅಂತ ಬೇರೆ ಬೇರೆ ಕೊಡಿ. ಯೂನಿಟ್ ಇಲ್ಲದೆ ಬರೀ 5 ಅಂತ ಹಾಕಿದರೆ ಅದು 5 ಮಿಲಿಸೆಕೆಂಡ್! ಪೂಲ್‌ನಲ್ಲಿ (ಆ್ಯಪ್ ಮರುಬಳಕೆಗೆಂದು ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಆಗಲೇ ತೆರೆದಿರುವ ಕನೆಕ್ಷನ್‌ಗಳಿಗೆ ಹೊಸ ಮಿತಿ ತಾಗುವುದಿಲ್ಲ, ಅವು ಮತ್ತೆ ಲಾಗಿನ್ ಆಗಬೇಕು.

ಲೇಖನದಲ್ಲಿ ಲಾಕ್ ಟೈಮ್‌ಔಟ್ (ಟೇಬಲ್ಲಿನ ಬೀಗ ಸಿಗಲು ಎಷ್ಟು ಹೊತ್ತು ಕಾಯಬೇಕು ಎಂಬ ಮಿತಿ) ಬಗ್ಗೆ ಒಂದು ಸಾಲೂ ಇಲ್ಲದ್ದು ದೊಡ್ಡ ಕೊರತೆ. ಯಾರದೋ ಅರ್ಧ ಗಂಟೆಯ ಸೆಲೆಕ್ಟ್ (ಡೇಟಾ ಓದುವ ಕ್ವೆರಿ) ಓಡುತ್ತಿರುವಾಗ ಅದೇ ಟೇಬಲ್ಲಿನ ಮೇಲೆ ಒಂದು ಕಾಲಂ ಸೇರಿಸಲು ಆಲ್ಟರ್ ಟೇಬಲ್ ಕೊಡಿ ನೋಡೋಣ. ಅದು ಲಾಕ್‌ಗಾಗಿ ಕಾಯುತ್ತಾ ನಿಲ್ಲುತ್ತದೆ, ಅದರ ಹಿಂದೆ ಬಂದ ಮಾಮೂಲಿ ಸೆಲೆಕ್ಟ್‌ಗಳೂ ಸಾಲುಗಟ್ಟುತ್ತವೆ, ಸೈಟ್ ಮಲಗುತ್ತದೆ. ಹೀಗೆ ಟೇಬಲ್ಲಿನ ರಚನೆ ಬದಲಿಸುವ ಮೈಗ್ರೇಷನ್ ಓಡಿಸುವ ಮುನ್ನ ಲಾಕ್ ಟೈಮ್‌ಔಟ್ 2 ಸೆಕೆಂಡ್ ಇಟ್ಟುಕೊಂಡರೆ ಆಲ್ಟರ್ ಸೋತು ವಾಪಸ್ ಬರುತ್ತದೆ, ಇನ್ನೊಮ್ಮೆ ಪ್ರಯತ್ನಿಸಬಹುದು.

ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವರಿಗೊಂದು ಮಾತು: ಅಲ್ಲಿನ ಮ್ಯಾಕ್ಸ್ ಎಕ್ಸಿಕ್ಯೂಷನ್ ಟೈಮ್ ಎಂಬ ಮಿತಿ ಕೆಲಸ ಮಾಡುವುದು ಬರೀ ಓದುವ ಸೆಲೆಕ್ಟ್‌ಗಳ ಮೇಲೆ. ಹದ್ದುಮೀರಿದ ಅಪ್‌ಡೇಟ್, ಡಿಲೀಟ್‌ಗಳನ್ನು ಅದು ಮುಟ್ಟುವುದಿಲ್ಲ, ಅವನ್ನು ಕಿಲ್ ಕಮಾಂಡ್ ಕೊಟ್ಟೇ ನಿಲ್ಲಿಸಬೇಕು.